ಹಾಯಿದೋಣಿಯ ತಂತಿ ಕೆಡುವುದು ಬುಡದಲ್ಲಿ

ಕಾರವಾರದಲ್ಲಿ ಮಳೆಗಾಲ ಇಳಿದು, ಚೌತಿ ಕಳೆದ ಮೇಲೆ ನನ್ನ ಮೊದಲ ಕೆಲಸ ಮಾಸ್ಟ್ (ಹಾಯಿಕಂಬ) ಹಿಡಿದು ನಿಲ್ಲಿಸುವ ತಂತಿಗಳನ್ನು ನೋಡುವುದು. ಅಕ್ಟೋಬರ್‌ನಿಂದ ನಮ್ಮ ಕಡಲು ಹಾಯಿಗೆ ಒದಗುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಏಳುತ್ತದೆ. ಗೋವಾ ಕಡೆ ಹೊರಟರೆ ಆ ಗಾಳಿಗೆ ಎದುರಾಗಿ, ಓರೆ ಓರೆಯಾಗಿಯೇ ಸಾಗಬೇಕು. ಆಗ ಗಾಳಿ ಬದಿಯ ಶ್ರೌಡ್‌ಗಳ (ಮಾಸ್ಟನ್ನು ಎಡಬಲದಿಂದ ಹಿಡಿಯುವ ತಂತಿಗಳ) ಮೇಲೆ ಬೀಳುವ ಎಳೆತ ಸಣ್ಣದಲ್ಲ. ಒಂದು ಕಿತ್ತರೆ ಮಾಸ್ಟೇ ಬೀಳಬಹುದು.

ಬೈತಖೋಲದ ಬೋಟಿನ ಹುಡುಗನೊಬ್ಬ ಕೇಳಿದ್ದ: "ಅಣ್ಣಾ, ಇಷ್ಟು ಚೆಂದ ಹೊಳೀತಾ ಉಂಟು. ಮತ್ತೆಂತಕ್ಕೆ ಬಿಚ್ಚೋದು?" ಹೊಳೆಯುವುದು ತಂತಿಯ ನಡುಭಾಗ. ಗಾಳಿ ಆಡುವ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಚೆನ್ನಾಗಿಯೇ ಇರುತ್ತದೆ. ಅದರ ಮೇಲಿನ ತೆಳು ಪದರ ಉಳಿಯಲು ಆಮ್ಲಜನಕ ಬೇಕು. ಉಪ್ಪುನೀರು ನಿಂತು ಗಾಳಿ ಸಿಗದ ಸಂದಿಯಲ್ಲಿ ಆ ಪದರ ಹೋಗುತ್ತದೆ, ಲೋಹ ಒಳಗಿಂದ ತಿಂದುಹೋಗುತ್ತದೆ. ಅಂಥ ಸಂದಿ ಎಲ್ಲಿದೆ? ತಂತಿಯ ಕೆಳತುದಿಯ ಸ್ವೇಜ್‌ನಲ್ಲಿ, ಅಂದರೆ ತುದಿಗೆ ಒತ್ತಿ ಕೂರಿಸಿದ ಲೋಹದ ಕೊಳವೆಯಲ್ಲಿ. ನೀರು ತಂತಿಗುಂಟ ಇಳಿದು ಆ ಬಟ್ಟಲಿಗೇ ಸೇರುತ್ತದೆ. ಮೇಲಿನ ತುದಿಯ ಸ್ವೇಜ್ ತಲೆಕೆಳಗಾಗಿರುವುದರಿಂದ ಅಲ್ಲಿ ನೀರು ನಿಲ್ಲುವುದು ಕಡಿಮೆ.

ಹಾಗಾಗಿ ಹೆಚ್ಚು ಹೊತ್ತು ಕೂರುವುದು ಡೆಕ್ ಮೇಲೇ. ಮೊದಲು ಸಿಹಿನೀರಲ್ಲಿ ತೊಳೆದು ಒರೆಸುತ್ತೇನೆ. ಹಳೇ ಪಂಚೆಯ ತುಂಡನ್ನು ತಂತಿಯ ಮೇಲೆ ಎಳೆದರೆ ಮುರಿದ ಎಳೆ ತಾನೇ ಬಟ್ಟೆಗೆ ಸಿಗುತ್ತದೆ. (ಬರಿಗೈ ಬೇಡ, ಚರ್ಮ ಕಿತ್ತು ಬರುತ್ತದೆ.) ನಮ್ಮದು ಹತ್ತೊಂಬತ್ತು ಎಳೆಯ ತಂತಿ. ಒಂದೇ ಎಳೆ ಮುರಿದಿದ್ದರೂ ಇಡೀ ತಂತಿ ಬದಲು. ಇನ್ನೊಂದು ಬದಿಯ ಅದರ ಜೋಡಿಯನ್ನೂ ಬದಲಿಸುತ್ತೇನೆ, ಎರಡಕ್ಕೂ ವಯಸ್ಸು ಒಂದೇ ಅಲ್ವಾ.

ಸ್ವೇಜ್ ಮೇಲಿನ ಕೂದಲೆಳೆಯಂಥ ಬಿರುಕು ಭೂತಗನ್ನಡಿಗೂ ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತದೆ. ವೆಲ್ಡಿಂಗ್ ಪರೀಕ್ಷಿಸುವವರು ಬಳಸುವ ಡೈ ಪೆನಿಟ್ರಂಟ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಜಿಡ್ಡು ತೆಗೆದು ಕೆಂಪು ಬಣ್ಣ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಬೇಕು. ಆಮೇಲೆ ಬಿಳಿ ಡೆವಲಪರ್ ಸಿಂಪಡಿಸಬೇಕು. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಏಳುತ್ತದೆ. ಕಳೆದ ಸಲ ಎಡಬದಿಯ ಕೆಳ ಶ್ರೌಡ್‌ನಲ್ಲಿ ಎದ್ದೇಬಿಟ್ಟಿತು. ಹೊರಗೆ ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ.

ಸ್ವೇಜ್ ಒತ್ತುವ ಯಂತ್ರ ನನ್ನ ಬಳಿ ಇಲ್ಲ. ಅದಕ್ಕೇ ಹೊಸ ತಂತಿಯ ಕೆಳತುದಿಗೆ ಮೆಕ್ಯಾನಿಕಲ್ ಟರ್ಮಿನಲ್ ಹಾಕಿದೆ. ಹೊರ ಎಳೆಗಳನ್ನು ಬಿಡಿಸಿ, ನಡುವಿನ ಎಳೆಗಳ ಮೇಲೆ ಕೋನ್ ಕೂರಿಸಿ, ಎಳೆಗಳನ್ನು ಮತ್ತೆ ಸುತ್ತಲೂ ಜೋಡಿಸಿ ಬಿಗಿಯುವುದು. ಎರಡು ಸ್ಪ್ಯಾನರ್, ಒಂದು ಹ್ಯಾಕ್ಸಾ ಸಾಕು. ಒಳಗೆ ಸೀಲಂಟ್ ತುಂಬುವುದು ಮರೆಯಬಾರದು, ಇಲ್ಲವಾದರೆ ಅದೂ ನೀರು ತುಂಬುವ ಬಟ್ಟಲೇ. ಮುಂದೆ ತಂತಿ ಬದಲಿಸುವಾಗ ಕೋನ್ ಮಾತ್ರ ಹೊಸದು, ಉಳಿದದ್ದು ಮತ್ತೆ ಬಳಸಬಹುದು. ತಂತಿ 316 ದರ್ಜೆಯದ್ದೇ ಬೇಕು. ಅದರಲ್ಲಿರುವ 2–3% ಮಾಲಿಬ್ಡಿನಮ್ ಉಪ್ಪಿಗೆ ಜಾಸ್ತಿ ತಡೆಯುತ್ತದೆ. ಅಂಗಡಿಯಲ್ಲಿ ಆಯಸ್ಕಾಂತ ಹಿಡಿದು ತೋರಿಸಿದರೆ ನಂಬಬೇಡಿ, ಸರ್ಟಿಫಿಕೇಟ್ ಕೇಳಿ.

ಚೈನ್‌ಪ್ಲೇಟ್ (ತಂತಿಯನ್ನು ದೋಣಿಯ ಒಡಲಿಗೆ ಹಿಡಿಸುವ ಲೋಹದ ಪಟ್ಟಿ) ಇನ್ನೂ ಮೋಸದ್ದು. ಡೆಕ್ ದಾಟುವ ಜಾಗದಲ್ಲಿ ಅದು ಸೀಲಂಟ್ ಒಳಗೆ ಅಡಗಿರುತ್ತದೆ. ಕ್ಯಾಬಿನ್ ಒಳಗೆ ಕಂದು ನೀರಿನ ಗೆರೆ ಕಂಡರೆ ಹೊರಗಿಂದ ಮತ್ತೆ ಸೀಲಂಟ್ ಬಳಿದು ಸುಮ್ನೆ ಕೂರಬೇಡಿ. ಹೊರತೆಗೆದು ನೋಡಿ. ನುಣುಪಾಗಿ ಪಾಲಿಷ್ ಮಾಡಿದ ಪ್ಲೇಟ್‌ಗೆ ಗುಳಿ ಬೀಳುವುದು ನಿಧಾನ.

ಟರ್ನ್‌ಬಕಲ್ (ತಂತಿ ಬಿಗಿಯುವ ತಿರುಪು) ಮೇಲೆ ಬಿಗಿಯಾಗಿ ಟೇಪ್ ಸುತ್ತುವುದು ನನಗೆ ಸರಿ ಕಾಣದು. ಹಾಯಿ ಹರಿಯದಿರಲೆಂದು ಸುತ್ತುತ್ತಾರೆ, ಒಳಗೆ ಉಪ್ಪುನೀರು ನಿಲ್ಲುತ್ತದೆ. ನಾನು ಅದು ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್‌ನ ತುದಿಗಷ್ಟೇ ಟೇಪ್ ಹಾಕುತ್ತೇನೆ. ಪಿನ್‌ನ ಕಾಲುಗಳನ್ನೂ ಸ್ವಲ್ಪವೇ ಅಗಲಿಸುತ್ತೇನೆ. ಪೂರ್ತಿ ಮಡಚಿದರೆ ಅವಸರದಲ್ಲಿ ಬಿಚ್ಚಲಾಗದು. ತಿರುಪಿನ ಥ್ರೆಡ್‌ಗೆ ಲ್ಯಾನೋಲಿನ್ ಗ್ರೀಸ್.

ಬಿಗಿ ನೋಡಲು 2 ಮೀಟರಿನ ಮರದ ಪಟ್ಟಿ ಸಾಕು. ತಂತಿ ಸಡಿಲ ಇರುವಾಗ ಪಟ್ಟಿಯ ಮೇಲ್ತುದಿಯನ್ನು ಅದಕ್ಕೆ ಕಟ್ಟಿ, ಕೆಳತುದಿಯ ನೇರಕ್ಕೆ ತಂತಿಯ ಮೇಲೆ ಗುರುತು ಮಾಡುತ್ತೇನೆ. ಬಿಗಿಯುತ್ತಾ ಹೋದಂತೆ ತಂತಿ ಹಿಗ್ಗಿ ಗುರುತು ಕೆಳಗೆ ಸರಿಯುತ್ತದೆ. 1 ಮಿಲಿಮೀಟರ್ ಸರಿದರೆ ಎಳೆತ ತಂತಿ ಮುರಿಯುವ ಭಾರದ ಸುಮಾರು 5%. ತಂತಿ ದಪ್ಪವಿರಲಿ, ತೆಳುವಿರಲಿ, ಲೆಕ್ಕ ಅದೇ. ಮಾಸ್ಟಿನ ಮೇಲ್ತುದಿಗೆ ಹೋಗುವ ಶ್ರೌಡ್‌ಗಳನ್ನು 3 ಮಿಲಿಮೀಟರ್‌ಗೆ ನಿಲ್ಲಿಸುತ್ತೇನೆ. ಒಂದೇ ಬದಿ ಬಿಗಿದರೆ ಮಾಸ್ಟ್ ವಾಲುತ್ತದೆ, ಎರಡೂ ಬದಿ ಸುತ್ತು ಸುತ್ತಾಗಿ ಬಿಗಿಯಬೇಕು. ಆಮೇಲೆ ಕೂರ್ಮಗಡ ದ್ವೀಪದ ಆಚೆ ಒಂದು ಸುತ್ತು ಹಾಯಿ ಓಡಿಸಿ, ಗಾಳಿ ಮರೆಯ ಬದಿಯ ತಂತಿ ಜೋಲಾಡುತ್ತದಾ ನೋಡಿ ಮತ್ತೆ ತಿದ್ದುತ್ತೇನೆ.

ಕಡಲ ನಡುವೆ ಕಿತ್ತರೆ? ಶ್ರೌಡ್ ಆದರೆ ತಕ್ಷಣ ದೋಣಿ ತಿರುಗಿಸಿ ಭಾರವನ್ನು ಇನ್ನೊಂದು ಬದಿಗೆ ಹಾಕಬೇಕು. ಮಾಸ್ಟನ್ನು ಮುಂದಿನಿಂದ ಹಿಡಿಯುವ ಫೋರ್‌ಸ್ಟೇ ಹೋದರೆ ಗಾಳಿಯ ದಿಕ್ಕಿಗೇ ಓಡಬೇಕು, ಹಿಂದಿನಿಂದ ಹಿಡಿಯುವ ಬ್ಯಾಕ್‌ಸ್ಟೇ ಹೋದರೆ ಗಾಳಿಗೆ ಮುಖ ಮಾಡಬೇಕು. ಆಮೇಲೆ ಹಾಯಿ ಏರಿಸುವ ಹಗ್ಗವನ್ನೇ ತಂತಿಯ ಜಾಗಕ್ಕೆ ಎಳೆದು ಕಟ್ಟಬಹುದು. ಉದ್ದದ ಸ್ಟೇಗೆ ಸಾಲುವಷ್ಟು ತಂತಿ, ಎರಡು ಟರ್ಮಿನಲ್, ಹೊಸ ಕೋನ್‌ಗಳು, ಡೈನೀಮಾ ಹಗ್ಗ, ಬೋಲ್ಟ್ ಕಟರ್, ಇಷ್ಟು ಒಂದೇ ಚೀಲದಲ್ಲಿವೆ. ಹ್ಯಾಕ್ಸಾ ಬ್ಲೇಡು ಮಾತ್ರ ಇಲ್ಲಿಯ ಹವೆಗೆ ಬೇಗ ತುಕ್ಕು ಹಿಡಿಯುತ್ತದೆ, ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಡುತ್ತೇನೆ.