ಹರಾಜಿಗೆ ಮುನ್ನವೇ ಬೆಲೆ ಕಟ್ಟುವುದು: ನೂಲು ಬಿಚ್ಚಾಣಿಕೆ ಘಟಕದ ಅನುಭವ

ರೇಷ್ಮೆ ನೂಲು ಬಿಚ್ಚಾಣಿಕೆಯ, ಅಂದರೆ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸದ, ಖರ್ಚಿನಲ್ಲಿ ಅತಿ ದೊಡ್ಡ ಪಾಲು ಗೂಡಿನದು. ಆದ್ದರಿಂದ ನಮ್ಮ ಲಾಭ-ನಷ್ಟ ಬಹುಮಟ್ಟಿಗೆ ರಾಮನಗರದ ಗೂಡು ಮಾರುಕಟ್ಟೆಯಲ್ಲೇ ತೀರ್ಮಾನವಾಗುತ್ತದೆ. ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡುವ ಮೊದಲೇ ಅದನ್ನು ಸಾಯಿಸಬೇಕಾದ್ದರಿಂದ ರೈತರಿಗೂ ನಮಗೂ ಅವಸರವಿರುತ್ತದೆ. ಆ ಅವಸರದಲ್ಲಿ ಎದುರಾಳಿ ಹಾಕಿದ ಬೆಲೆಯೇ ಸರಿಯಾದ ಬೆಲೆಯೆಂದು ತೋರತೊಡಗುತ್ತದೆ. ಇ-ಹರಾಜು ಬಂದ ಮೇಲೆ ಕೂಗಾಟ ನಿಂತಿತು, ಮೇಲಾಟ ನಿಲ್ಲಲಿಲ್ಲ.

ಹೀಗಾಗಿ ಕೊಡಬಹುದಾದ ಗರಿಷ್ಠ ಬೆಲೆಯನ್ನು ಹಿಂದಿನ ರಾತ್ರಿಯೇ ಬರೆದಿಡುವ ಪದ್ಧತಿ ಮಾಡಿಕೊಂಡೆ. ನೂಲಿನ ಬೆಲೆಯಿಂದ ಕೂಲಿ, ಸೌದೆ, ವಿದ್ಯುತ್ತು, ಬಡ್ಡಿ ಕಳೆದು, ತ್ಯಾಜ್ಯ ರೇಷ್ಮೆ ಮತ್ತು ಹುಳುವಿನ ಮಾರಾಟದಿಂದ ಬರುವುದನ್ನು ಕೂಡಿಸಿ, ಉಳಿದ ಮೊತ್ತವನ್ನು ರೆಂಡಿಟ್ಟದಿಂದ, ಅಂದರೆ ಒಂದು ಕಿಲೋ ನೂಲಿಗೆ ಬೇಕಾಗುವ ಗೂಡಿನ ತೂಕದಿಂದ, ಭಾಗಿಸುತ್ತೇನೆ. ನೂಲು 4,000 ರೂಪಾಯಿ, ಖರ್ಚು 700, ಉಪ ಉತ್ಪನ್ನ 200, ರೆಂಡಿಟ್ಟ 7 ಎಂದಿಟ್ಟುಕೊಂಡರೆ ಗೂಡು 500 ರೂಪಾಯಿ ದಾಟಿದಲ್ಲಿ ನಷ್ಟ. ರೆಂಡಿಟ್ಟ 8 ಆದರೆ ಆ ಮಿತಿ 437ಕ್ಕೆ ಇಳಿಯುತ್ತದೆ.

ರೆಂಡಿಟ್ಟವನ್ನು ಊಹೆಗೆ ಬಿಡುವುದು ಎಷ್ಟು ದುಬಾರಿ ಎಂಬುದು ಇದರಿಂದಲೇ ತಿಳಿಯುತ್ತದೆ. ಗೂಡನ್ನು ಬೆರಳಲ್ಲಿ ಒತ್ತಿ ನೋಡಿ ಅಂಕಿ ಹೇಳುವ ಅನುಭವಿಗಳು ನಮ್ಮಲ್ಲಿದ್ದಾರೆ, ಅವರ ಮಾತಿಗೆ ಎದುರಾಡುವುದು ಕಿರಿಯರಿಗೆ ಕಷ್ಟ. ನಾನು ವಾದಕ್ಕೆ ಇಳಿಯದೆ, ಖರೀದಿಗೆ ಮೊದಲು ಅವರ ಅಂದಾಜನ್ನು ಬರೆದುಕೊಂಡು, ನೂಲು ತೆಗೆದ ಮೇಲೆ ಬಂದ ಅಂಕಿಯನ್ನು ಪ್ರತಿ ಲಾಟಿಗೂ ಅದರ ಪಕ್ಕದಲ್ಲೇ ದಾಖಲಿಸತೊಡಗಿದೆ. ಮಳೆಗಾಲದ ಗೂಡಿನ ವಿಷಯದಲ್ಲಿ, ನನ್ನನ್ನೂ ಸೇರಿಸಿ, ಎಲ್ಲರೂ ಕಡಿಮೆ ರೆಂಡಿಟ್ಟವನ್ನೇ ಹೇಳುತ್ತಿದ್ದೆವು. ಪುಸ್ತಕ ಮುಂದಿರುವುದರಿಂದ ಈಗ ಹಿರಿಯರೇ ಆ ಕಾಲದಲ್ಲಿ ಅಂದಾಜನ್ನು ಏರಿಸಿ ಹೇಳುತ್ತಾರೆ.

ಮಿತಿ ದಾಟಿದಾಗ ಬರಿಗೈಯಲ್ಲಿ ಮರಳುವುದು ಇದಕ್ಕಿಂತ ಕಠಿಣ, ಏಕೆಂದರೆ ಯಂತ್ರ ನಿಂತರೂ ಕೂಲಿ ಮತ್ತು ಬಡ್ಡಿ ನಿಲ್ಲುವುದಿಲ್ಲ. ಘಟಕ ಒಂದು ದಿನ ನಿಂತರೆ ಆಗುವ ನಷ್ಟವನ್ನೂ ಅದೇ ಹಾಳೆಯಲ್ಲಿ ಬರೆದಿಡುತ್ತೇನೆ. ಹೆಚ್ಚು ಬೆಲೆಗೆ ಕೊಂಡು ಆಗುವ ನಷ್ಟ ಅದಕ್ಕಿಂತ ಕಡಿಮೆಯಿದ್ದರೆ ಮಾತ್ರ ಮಿತಿ ಮೀರುತ್ತೇನೆ.

ಬೆಲೆ ಏರಲೆಂದು ನೂಲನ್ನು ಹಿಡಿದಿಡುವ ಆಸೆಯೂ ಇದೇ ಬಗೆಯದು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದಾಗ ಬೆಲೆ ಕುಸಿದದ್ದನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ದಾಸ್ತಾನಿನ ಮುಂದೆ ನಿಂತು, ಇಂದು ಕೈಯಲ್ಲಿ ಹಣವಿದ್ದರೆ ಇದೇ ನೂಲನ್ನು ಇಂದಿನ ಬೆಲೆಗೆ ಕೊಳ್ಳುತ್ತಿದ್ದೆನೇ ಎಂದು ಕೇಳಿಕೊಳ್ಳುತ್ತೇನೆ. ಇಲ್ಲವೆಂದು ಉತ್ತರ ಬಂದರೆ ಅದು ಆ ವಾರವೇ ಮಾರಾಟಕ್ಕೆ ಹೋಗುತ್ತದೆ.