ಮಳೆನಾಡಿನಲ್ಲಿ ಯುಫೋರ್ಬಿಯಾ: ಗಿಡ ಕುಳ್ಳಗಿರಲಿ, ಬುಡ ಒಣಗಿರಲಿ

ಯುಫೋರ್ಬಿಯಾ ಮಿಲಿಯಿ ನಮ್ಮ ಬೇಲಿಯ ಕಳ್ಳಿಗೆ ನಂಟಿನ ಗಿಡ. ತವರು ಮಡಗಾಸ್ಕರ್. ಬಿಸಿಲು ಎಷ್ಟಿದ್ದರೂ ತಡೆಯುತ್ತದೆ, ಎರಡು ಮೂರು ವಾರ ನೀರು ಹಾಕದಿದ್ದರೂ ಎಲೆ ಉದುರಿಸಿಕೊಂಡು ಬದುಕುತ್ತದೆ. ಬುಡದಲ್ಲಿ ನೀರು ನಿಂತರೆ ಮಾತ್ರ ತಡೆಯದು. ಹಾಸನ, ಚಿಕ್ಕಮಗಳೂರು ಕಡೆ ಈ ಗಿಡ ಹೆಚ್ಚಾಗಿ ಸಾಯುವುದು ಜುಲೈ, ಆಗಸ್ಟ್ ತಿಂಗಳಲ್ಲೇ.

ವಿದೇಶಿ ತೋಟದ ಚಿತ್ರಗಳಲ್ಲಿ ಕಾಣುವ, ದಿಂಬಿನಂತೆ ಗುಂಡಗೆ ಬೆಳೆದು ವಸಂತದಲ್ಲಿ ಹಳದಿ ಹೂ ತುಂಬುವ ಯುಫೋರ್ಬಿಯಾ ಪಾಲಿಕ್ರೋಮಾ ಬೇರೆ ಗಿಡ. ಅದು ಯುರೋಪಿನದು, ಒಳ್ಳೆಯ ಚಳಿಗಾಲಕ್ಕೆ ಒಗ್ಗಿದ್ದು. ಅದರ ಬೀಜ ತರಿಸಿ ಇಲ್ಲಿ ಪಾಡು ಪಡುವ ಬದಲು ಮಿಲಿಯಿಯ ಕುಳ್ಳ ತಳಿ ತನ್ನಿ. ಒಂದು, ಒಂದೂವರೆ ಅಡಿಗೆ ನಿಲ್ಲುತ್ತದೆ, ಶಿವರಾತ್ರಿಯಿಂದ ಮುಂಗಾರಿನವರೆಗೆ ಚೆನ್ನಾಗಿ ಹೂ ಬಿಡುತ್ತದೆ. ದಪ್ಪ ಕಾಂಡ, ದೊಡ್ಡ ಹೂವಿನ ಥಾಯ್ ತಳಿಗಳು ನೋಡಲು ಚಂದ, ಆದರೆ ಮಳೆಗೆ ಬೇಗ ಕೊಳೆಯುತ್ತವೆ.

ನೆಲದಲ್ಲಿ ನೆಡಬೇಕೋ ಕುಂಡದಲ್ಲೋ ಎನ್ನುವುದು ಊರಿನ ಮೇಲೆ ನಿಂತಿದೆ. ಕಡೂರು, ಅರಸೀಕೆರೆ ಕಡೆಯಾದರೆ ಒಂದಡಿ ಎತ್ತರದ ಏರು ಮಡಿ ಮಾಡಿ ನೆಲದಲ್ಲೇ ನೆಡಬಹುದು. ಸಕಲೇಶಪುರ, ಮೂಡಿಗೆರೆ, ಕೊಪ್ಪದಲ್ಲಿ ಕುಂಡವೇ ಸರಿ; ಮಳೆ ಹಿಡಿದ ಕೂಡಲೇ ಎತ್ತಿ ಸೂರಿನ ಕೆಳಗೆ ಇಡಬೇಕಲ್ಲ.

ಎಂಟು ಇಂಚಿನ ಮಣ್ಣಿನ ಕುಂಡ ಸಾಕು. ದೊಡ್ಡದಾದಷ್ಟೂ ತೇವ ಆರುವುದು ತಡ. ಮಣ್ಣಿನ ವಿಷಯದಲ್ಲಿ ಕಾಫಿ ಸೀಮೆಯವರು ಒಂದು ಅಭ್ಯಾಸ ಬಿಡಬೇಕು. ಕಾಫಿ ಸಸಿಯ ಬುಟ್ಟಿಗೆ ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಹಾಕುತ್ತಾರೆ. ಅದೇ ಮಣ್ಣು ಇದಕ್ಕೆ ತುಂಬಿದರೆ ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಇಲ್ಲಿ ಮರಳೇ ಹೆಚ್ಚಿರಬೇಕು: ದಪ್ಪ ಮರಳು ಎರಡು ಪಾಲು, ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ಜೊತೆಗೆ ಎರಡು ಹಿಡಿ ಇದ್ದಿಲ ಚೂರು. ಎಂ-ಸ್ಯಾಂಡ್ ಆದರೆ ತೊಳೆದು ಹಾಕಿ. ಅದರ ಧೂಳು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ತೂತಿನ ಮೇಲೆ ಹೆಂಚಿನ ಚೂರು ಬೋರಲು ಇಡಿ. ತುಂಬಿದ ಮೇಲೆ ಒಂದು ಚೊಂಬು ನೀರು ಹೊಯ್ದು ನೋಡಿ. ಅರ್ಧ ನಿಮಿಷದಲ್ಲಿ ಕೆಳಗೆ ಇಳಿಯದಿದ್ದರೆ ಇನ್ನಷ್ಟು ಮರಳು ಬೇಕು.

ಕಡ್ಡಿ ನೆಡಲು ಫೆಬ್ರವರಿ ಕೊನೆಯಿಂದ ಏಪ್ರಿಲ್ ಸರಿಯಾದ ಕಾಲ. ತುದಿಯಿಂದ ಮೂರು ನಾಲ್ಕು ಇಂಚಿನ ಕಡ್ಡಿ ಕತ್ತರಿಸಿ. ಬಿಳಿ ಹಾಲು ಸುರಿಯುತ್ತದೆ. ಕತ್ತರಿಸಿದ ತುದಿಯನ್ನು ನೀರಿನಲ್ಲಿ ಅದ್ದಿದರೆ ನಿಲ್ಲುತ್ತದೆ. ಕೈಗವಸು ಹಾಕಿಕೊಳ್ಳದೆ ಈ ಕೆಲಸಕ್ಕೆ ಇಳಿಯಬೇಡಿ. ಹಾಲು ಚರ್ಮಕ್ಕೆ ಉರಿ, ಕಣ್ಣಿಗೆ ಅಪಾಯ. ಕಣ್ಣಿಗೆ ಬಿದ್ದರೆ ಉಜ್ಜದೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ನೇರ ವೈದ್ಯರ ಬಳಿ ಹೋಗಿ. ಕಡ್ಡಿಯನ್ನು ನೆರಳಿನಲ್ಲಿ ನಾಲ್ಕೈದು ದಿನ ಹಾಗೇ ಬಿಡಿ. ಕತ್ತರಿಸಿದ ಜಾಗ ಒಣಗಿ, ಬೆರಳಿಗೆ ಗಟ್ಟಿಯಾಗಿ ತಾಗಬೇಕು. ಹಸಿಯಾಗಿಯೇ ನೆಟ್ಟರೆ ಬೇರು ಬರುವ ಮೊದಲೇ ಕೊಳೆಯುತ್ತದೆ. ಒಂದು ಇಂಚು ಆಳಕ್ಕೆ ನೆಟ್ಟು, ಮೊದಲ ವಾರ ನೀರು ಮುಟ್ಟಿಸಬೇಡಿ; ಆಮೇಲೆ ಮಣ್ಣು ಒಣಗಿದಾಗ ಸ್ವಲ್ಪ ಸ್ವಲ್ಪ. ಒಂದು, ಒಂದೂವರೆ ತಿಂಗಳಲ್ಲಿ ಬೇರು ಹಿಡಿಯುತ್ತದೆ. ಹಿಡಿಯಿತೋ ಇಲ್ಲವೋ ಎಂದು ಕಿತ್ತು ನೋಡುವ ಚಪಲ ಬೇಡ, ಹೊಸ ಎಲೆಯೇ ಹೇಳುತ್ತದೆ.

ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಸಿಲ್ವರ್ ಓಕ್ ನೆರಳಿನಲ್ಲಿ ಇಟ್ಟರೆ ಕಾಂಡ ಉದ್ದಕ್ಕೆ ಎಳೆದು ತುದಿಯಲ್ಲಿ ನಾಲ್ಕು ಎಲೆ ಉಳಿಯುತ್ತವೆ, ಅಷ್ಟೆ. ಬೇಸಿಗೆಯಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಹತ್ತು ಹನ್ನೆರಡು ದಿನಕ್ಕೊಮ್ಮೆ ನೀರು. ಮಳೆಗಾಲದಲ್ಲಿ ಸೂರಿನಡಿ ಇಟ್ಟ ಕುಂಡಕ್ಕೆ ಬಹುತೇಕ ಬೇಡವೇ ಬೇಡ, ಗಾಳಿಯ ತೇವವೇ ಸಾಕಾಗುತ್ತದೆ. ಕುಂಡದಡಿ ತಟ್ಟೆ ಇಡಬೇಡಿ.

ಗಿಡ ಕುಳ್ಳಗಿರಬೇಕೆಂದರೆ ಚಳಿ ಹೋದ ಮೇಲೆ ಉದ್ದ ಕಾಂಡಗಳನ್ನು ಮಾತ್ರ ಅರ್ಧಕ್ಕೆ ಕತ್ತರಿಸಿ. ಕತ್ತರಿಸಿದಲ್ಲಿ ಎರಡು ಮೂರು ಚಿಗುರು ಒಡೆಯುತ್ತವೆ, ಹೂ ಆ ಹೊಸ ಚಿಗುರಿನಲ್ಲೇ. ಎಲ್ಲವನ್ನೂ ಒಮ್ಮೆಲೇ ಸವರಿದರೆ ಆ ವರ್ಷದ ಹೂ ಹೋದಂತೆ. ಜೂನ್ ಹತ್ತಿರವಾದ ಮೇಲೆ ಕತ್ತರಿ ಹಾಕಲೇಬೇಡಿ, ಗಾಯ ಒಣಗುವುದಿಲ್ಲ. ಗೊಬ್ಬರವನ್ನೂ ಹಿಡಿತದಲ್ಲಿ ಕೊಡಿ: ತೋಟಕ್ಕೆ ತಂದ ಯೂರಿಯಾ ಒಂದು ಚಿಟಿಕೆ ಎಂದು ಹಾಕಿದರೆ ಎಲೆ ಹುಲುಸಾಗಿ ಹೂ ನಿಲ್ಲುತ್ತದೆ. ಮಾರ್ಚ್‌ನಲ್ಲಿ ಒಂದು ಹಿಡಿ ಎರೆಗೊಬ್ಬರ, ಒಂದು ಚಮಚ ಮೂಳೆ ಪುಡಿ ಸಾಕು.

ಎಲೆ ಉದುರಿದರೆ ಗಾಬರಿಯಾಗುವ ಮೊದಲು ಬುಡ ಹಿಸುಕಿ ನೋಡಿ. ಗಟ್ಟಿ ಇದ್ದರೆ ಚಳಿಗೋ ಬರಕ್ಕೋ ಉದುರಿದೆ, ಮತ್ತೆ ಚಿಗುರುತ್ತದೆ. ಮೆತ್ತಗಾಗಿ ಕಪ್ಪಾಗಿದ್ದರೆ ಬುಡ ಕೊಳೆತಿದೆ. ಔಷಧಿ ಸುರಿದು ಪ್ರಯೋಜನವಿಲ್ಲ. ಮೇಲಿನ ಕಾಂಡವನ್ನು ಅಡ್ಡ ಕತ್ತರಿಸುತ್ತಾ ಬನ್ನಿ, ಒಳಗೆ ಕಂದು ಚುಕ್ಕೆ ಇಲ್ಲದ, ಹಾಲು ಚಿಮ್ಮುವ ಭಾಗ ಸಿಕ್ಕರೆ ಅದನ್ನೇ ಒಣಗಿಸಿ ಹೊಸ ಕುಂಡಕ್ಕೆ ನೆಡಿ. ಹಳೆಯ ಮಣ್ಣನ್ನು ಮತ್ತೆ ಇದಕ್ಕೇ ಬಳಸಬೇಡಿ.