ಮನೆಯವರ ಡಿಪೆಂಡೆಂಟ್ ವೀಸಾ: ಏಜೆನ್ಸಿಗೆ ಒಪ್ಪಿಸುವ ಮುಂಚೆ

ಹೊರದೇಶಕ್ಕೆ ಹೊಸದಾಗಿ ಬಂದವರು ನಮ್ಮ ಸಂಘಕ್ಕೆ ಫೋನ್ ಮಾಡಿ ಮೊದಲು ಬಾಡಿಗೆ ಮನೆ ಕೇಳುತ್ತಾರೆ, ಆಮೇಲೆ ಶಾಲೆ. ಮೂರನೆಯ ಪ್ರಶ್ನೆ ಬಹುಪಾಲು ಇದೇ: "ಮನೆಯವರನ್ನ ಕರೆಸ್ಕೋಬೇಕು, ಒಳ್ಳೆ ಏಜೆನ್ಸಿ ಇದ್ರೆ ಹೇಳ್ತೀರಾ?" ಸಂಘ ಯಾವ ಏಜೆನ್ಸಿಯ ಹೆಸರನ್ನೂ ಹೇಳುವುದಿಲ್ಲ. ಏಜೆನ್ಸಿ ಯಾಕೆ ಬೇಕು ಅಂತ ತಿರುಗಿ ಕೇಳುತ್ತೇವೆ, ಅಷ್ಟೇ.

ಮದುವೆ ನೋಂದಣಿಯಾಗಿದೆ, ನಿಮ್ಮ ಕೆಲಸದ ಕಾಗದಪತ್ರ ನೆಟ್ಟಗಿದೆ, ಹಿಂದೆ ಯಾವ ದೇಶದ ವೀಸಾನೂ ರಿಜೆಕ್ಟ್ ಆಗಿಲ್ಲ ಅಂದರೆ ಡಿಪೆಂಡೆಂಟ್ ವೀಸಾದ, ಅಂದರೆ ನಿಮ್ಮ ವೀಸಾದ ಆಧಾರದ ಮೇಲೆ ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ ಸಿಗುವ ವೀಸಾದ ಫಾರ್ಮನ್ನು ನೀವೇ ತುಂಬಬಹುದು. ತಾಳ್ಮೆ ಬೇಕು, ವಿಶೇಷ ಜ್ಞಾನವೇನೂ ಬೇಡ. ಹಿಂದೆ ಅರ್ಜಿ ತಿರಸ್ಕಾರವಾಗಿದ್ದರೆ, ಮೊದಲ ಮದುವೆಯ ಮಗುವನ್ನು ಕರೆತರುವುದಿದ್ದರೆ, ಮಗ ಅಥವಾ ಮಗಳು ವಯಸ್ಸಿನ ಗಡಿಯ ಹತ್ತಿರ ಇದ್ದರೆ ಮಾತ್ರ ತಿಳಿದವರಿಗೆ ದುಡ್ಡು ಕೊಡುವುದು ದಂಡವಲ್ಲ. ಈ ವಯಸ್ಸಿನ ಗಡಿಯೂ ದೇಶಕ್ಕೊಂದು ಥರ: ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 18, ಅಮೆರಿಕದಲ್ಲಿ ಎಚ್-1ಬಿಯಂಥ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ಎಚ್-4ಗೆ 21, ಕೆನಡಾದಲ್ಲಿ 22 ತುಂಬಿರಬಾರದು. ನಿಮ್ಮ ವೀಸಾಕ್ಕೆ ಕುಟುಂಬವನ್ನು ಕರೆಸಿಕೊಳ್ಳುವ ಹಕ್ಕೇ ಇದೆಯೋ ಇಲ್ಲವೋ ಅನ್ನುವುದನ್ನು ಅದಕ್ಕೂ ಮೊದಲು ನೋಡಿ. ಬ್ರಿಟನ್ನಿನಲ್ಲಿ 2024ರ ಜನವರಿಯಿಂದ ಹೊಸದಾಗಿ ಕೋರ್ಸ್ ಸೇರುವ ಹೆಚ್ಚಿನ ವಿದ್ಯಾರ್ಥಿಗಳಿಗೂ, ಅದೇ ವರ್ಷದ ಮಾರ್ಚ್ 11ರಿಂದ ಹೊಸ ಕೇರ್ ವರ್ಕರ್‌ಗಳಿಗೂ ಆ ಬಾಗಿಲು ಮುಚ್ಚಿತು. ಬಾಗಿಲೇ ಇಲ್ಲದ ಕಡೆ ಏಜೆನ್ಸಿ ಎಲ್ಲಿಂದ ಬಾಗಿಲು ತೆಗೆಸೀತು?

ಏಜೆನ್ಸಿಯೇ ಸರಿ ಅಂತ ತೀರ್ಮಾನಿಸಿದರೆ, ಮೊದಲು ಲೈಸೆನ್ಸ್ ನಂಬರ್ ಕೇಳಿ. ಬ್ರಿಟನ್ನಿನಲ್ಲಿ ದುಡ್ಡು ಪಡೆದು ವಲಸೆ ಸಲಹೆ ಕೊಡುವವರು ಸಾಲಿಸಿಟರ್‌ನಂಥ ವಕೀಲರಾಗಿರಬೇಕು, ಇಲ್ಲವೇ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿಸಿರಬೇಕು; ಎರಡೂ ಅಲ್ಲದವರು ಸಲಹೆ ಕೊಡುವುದು ಅಪರಾಧ. ಕೆನಡಾದಲ್ಲಿ ವಕೀಲರಲ್ಲದ ಕನ್ಸಲ್ಟೆಂಟ್‌ಗಳಿಗೆ ಲೈಸೆನ್ಸ್ ಕೊಡುವ ಪ್ರತ್ಯೇಕ ಕಾಲೇಜಿದೆ, ಹೆಸರು ಕಾಲೇಜಾದರೂ ಪಾಠ ಹೇಳುವ ಜಾಗವಲ್ಲ, ನಿಯಂತ್ರಣ ಸಂಸ್ಥೆ. ಆಸ್ಟ್ರೇಲಿಯಾದ ನೋಂದಾಯಿತ ಏಜೆಂಟರಿಗೆ ಮಾರ್ನ್ ಅನ್ನುವ ಏಳಂಕಿಯ ಸಂಖ್ಯೆ ಇರುತ್ತದೆ. ಅವರು ವಾಟ್ಸಾಪಿನಲ್ಲಿ ಕಳಿಸುವ ಸರ್ಟಿಫಿಕೇಟ್ ಫೋಟೊ ನೋಡಿ ಸುಮ್ಮನಾಗಬೇಡಿ. ಆ ಸಂಸ್ಥೆಯ ವೆಬ್‌ಸೈಟಿಗೆ ನೀವೇ ಹೋಗಿ ಹೆಸರು ಹುಡುಕಿ. ನಂಬರ್ ಒಬ್ಬರದು, ಫಾರ್ಮ್ ತುಂಬುವವರು ಇನ್ಯಾರೋ ಆಗಿರುವುದೂ ಉಂಟು. ಅದನ್ನೂ ಬಾಯಿಬಿಟ್ಟು ಕೇಳಿ.

ವಿಎಫ್‌ಎಸ್ ಕೌಂಟರನ್ನೂ ಏಜೆನ್ಸಿಯನ್ನೂ ಒಂದೇ ಅಂದುಕೊಳ್ಳುವವರಿದ್ದಾರೆ. ವಿಎಫ್‌ಎಸ್ ಸರ್ಕಾರಗಳ ಪರವಾಗಿ ಕಾಗದಪತ್ರ, ಬೆರಳಚ್ಚು ತೆಗೆದುಕೊಳ್ಳುವ ಕಂಪನಿ. ವೀಸಾ ಕೊಡುವುದು ಬಿಡುವುದು ಅದರ ಕೈಯಲ್ಲಿಲ್ಲ. "ಒಳಗಡೆ ನಮ್ಮವರಿದ್ದಾರೆ" ಅನ್ನುವ ಏಜೆಂಟ್ ಸಿಕ್ಕಿದರೆ, ಫೈಲ್ ವಾಪಸ್ ಇಸ್ಕೊಂಡು ಎದ್ದು ಬನ್ನಿ.

ಈಗ ನನ್ನದೇ ಕಥೆ. ನನ್ನ ಹೆಂಡತಿಯ ಅರ್ಜಿಯನ್ನು ಏಜೆನ್ಸಿಗೆ ಕೊಟ್ಟಾಗ ಅವರು ಆನ್‌ಲೈನ್ ಅಕೌಂಟನ್ನು ತಮ್ಮ ಇಮೇಲಿನಲ್ಲೇ ತೆರೆದರು. ಪಾಸ್‌ವರ್ಡ್ ಕೇಳಿದ್ದಕ್ಕೆ "ನೀವ್ಯಾಕೆ ಸಾರ್ ತಲೆ ಕೆಡಿಸ್ಕೋತೀರಾ" ಅಂದರು. ಸರಿ, ತಲೆ ಕೆಡಿಸಿಕೊಳ್ಳಲಿಲ್ಲ. ವಲಸೆ ಕಚೇರಿ ಇನ್ನೊಂದು ದಾಖಲೆ ಕೇಳಿ ಗಡುವು ಕೊಟ್ಟು ಬರೆದ ಪತ್ರ ಆ ಇಮೇಲಿನಲ್ಲೇ ಬಿದ್ದಿತ್ತು, ನೋಡಿಕೊಳ್ಳಬೇಕಾದ ಹುಡುಗ ಕೆಲಸ ಬಿಟ್ಟು ಹೋಗಿದ್ದ. ನಮಗೆ ಗೊತ್ತಾಗಿದ್ದು ತಿರಸ್ಕಾರದ ಪತ್ರ ಬಂದ ಮೇಲೆ. ಕಟ್ಟಿದ ಫೀಸು ಹೋಯಿತು, ಜೊತೆಗೆ ಅಲ್ಲಿಂದಾಚೆ ಪ್ರತಿ ಫಾರ್ಮಿನಲ್ಲೂ "ಹಿಂದೆ ವೀಸಾ ನಿರಾಕರಣೆಯಾಗಿದೆಯೇ" ಅನ್ನುವ ಪ್ರಶ್ನೆಗೆ ಹೌದು ಅಂತ ಬರೆಯುವ ಕರ್ಮ. ಆದ್ದರಿಂದ ಇಮೇಲ್ ನಿಮ್ಮದಿರಲಿ, ಫೋನ್ ನಂಬರ್ ನಿಮ್ಮದಿರಲಿ. ಏಜೆಂಟರೇ ಅವರ ಅಕೌಂಟಿನಿಂದ ಸಲ್ಲಿಸುವ ವ್ಯವಸ್ಥೆ ಇದ್ದರೆ, ಬಂದ ಪ್ರತಿ ಪತ್ರವನ್ನೂ ಅವತ್ತೇ ಕಳಿಸುವುದಾಗಿ ಬರೆಸಿಕೊಳ್ಳಿ.

ಆ ನಿರಾಕರಣೆಯ ಪ್ರಶ್ನೆಗೆ "ಇಲ್ಲ ಅಂತ ಹಾಕಿಬಿಡೋಣ, ಯಾರು ನೋಡ್ತಾರೆ" ಅಂತ ಎರಡನೇ ಏಜೆಂಟೊಬ್ಬರು ಹೇಳಿದ್ದೂ ಉಂಟು. ನೋಡುತ್ತಾರೆ. ಸುಳ್ಳು ಮಾಹಿತಿ ಸಿಕ್ಕಿಬಿದ್ದರೆ ಕೆನಡಾದಲ್ಲಿ 5 ವರ್ಷ, ಬ್ರಿಟನ್ನಿನಲ್ಲಿ 10 ವರ್ಷದವರೆಗೆ ನಿಷೇಧ ಬೀಳಬಹುದು, ಅದೂ ಅರ್ಜಿದಾರರ ಮೇಲೆ. ಫಾರ್ಮ್ ತುಂಬಿದವರು ಏಜೆಂಟರು, ನಮಗೆ ಗೊತ್ತಿರಲಿಲ್ಲ ಅನ್ನುವ ಮಾತನ್ನು ನಂಬಿ ಕೂರಬೇಡಿ. ಸಲ್ಲಿಸುವ ಮುಂಚೆ ಪೂರ್ತಿ ಅರ್ಜಿಯ ಪಿಡಿಎಫ್ ತರಿಸಿ, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಗಂಡ ಹೆಂಡತಿ ಇಬ್ಬರೂ ಓದಿ. ಇನಿಷಿಯಲ್ ಇರುವ ಹೆಸರುಗಳಲ್ಲಿ ಎಡವಟ್ಟು ಜಾಸ್ತಿ: ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ, ಮದುವೆ ಸರ್ಟಿಫಿಕೇಟಿನಲ್ಲಿ ಬರೀ ಇನಿಷಿಯಲ್, ಫಾರ್ಮಿನಲ್ಲಿ ಏಜೆನ್ಸಿಯವರು ಅಂದಾಜಿಗೆ ಹಾಕಿದ ಇನ್ನೊಂದು. ಮೂರೂ ಒಬ್ಬರೇ ಅಂತ ಅಧಿಕಾರಿಗೆ ಹೇಗೆ ಗೊತ್ತಾಗಬೇಕು?

ದುಡ್ಡಿನ ವಿಷಯ ಚಿಕ್ಕದು. ಸರ್ಕಾರದ ಫೀಸು ಎಷ್ಟು, ಏಜೆನ್ಸಿಯ ಫೀಸು ಎಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ. ಸರ್ಕಾರದ ಫೀಸನ್ನು ನಿಮ್ಮ ಕಾರ್ಡಿನಿಂದಲೇ ಕಟ್ಟಿ, ಏಜೆನ್ಸಿಗೆ ಕಂತಿನಲ್ಲಿ ಕೊಡಿ. ರಿಜೆಕ್ಟ್ ಆದರೆ ಎಷ್ಟು ವಾಪಸ್ ಅನ್ನುವುದು ಕಾಗದದ ಮೇಲಿರಲಿ. ಮೂಲ ಸರ್ಟಿಫಿಕೇಟುಗಳನ್ನು ಅವರ ಬೀರುವಿನಲ್ಲಿ ಬಿಟ್ಟು ಬರಬೇಡಿ, ಸ್ಕ್ಯಾನ್ ಸಾಕು.

ವೀಸಾ ಬಂದ ದಿನ ಎಲ್ಲರಿಗೂ ಫೋಟೊ ಕಳಿಸುವ ಮೊದಲು ಹೆಸರಿನ ಅಕ್ಷರ, ಹುಟ್ಟಿದ ತಾರೀಕು, ಶುರುವಾಗುವ ಮತ್ತು ಮುಗಿಯುವ ದಿನ, ಕೆಲಸ ಮಾಡಬಹುದೇ ಅನ್ನುವ ಷರತ್ತು ಇಷ್ಟನ್ನೂ ನೋಡಿ. ತಪ್ಪಿದ್ದರೆ ವಿಮಾನ ಹತ್ತುವ ಮುಂಚೆಯೇ ತಿದ್ದಿಸಿ. ಮಕ್ಕಳದು ಬೇರೆಯಾಗಿ ಬರುತ್ತದೆ, ಎಲ್ಲರದೂ ಕೈಗೆ ಬರುವವರೆಗೆ ಟಿಕೆಟ್ ಬೇಡ.